ಹತ್ತು ಜನರ ದಂಡು

ನಿವೃತ್ತ ಸುಬೇದಾರ್ ಪುಟ್ಟಸ್ವಾಮಿಯವರಿಗೆ ಮಗಳ ಮಾತಿನಲ್ಲಿ ನಂಬಿಕೆ ಹುಟ್ಟಲಿಲ್ಲ. ವರ್ಷಿಣಿ ಸೈನ್ಯದಲ್ಲಿ ಕ್ಯಾಪ್ಟನ್. ಮುಂದಿನ ಕಾಲದ ಯುದ್ಧಗಳಿಗೆ ಹಗುರ ಕಾಲಾಳು ತುಕಡಿಗಳನ್ನು ಹೇಗೆ ಕಟ್ಟಬೇಕೆಂದು ಪ್ರಯೋಗ ಮಾಡಿ ನೋಡುವ ತಂಡದಲ್ಲಿದ್ದಳು. ನೂರಕ್ಕೂ ಹೆಚ್ಚು ಸೈನಿಕರ ಇಡೀ ಕಂಪನಿ ಮಾಡುತ್ತಿದ್ದ ಕೆಲಸವನ್ನು ಇನ್ನು ಹತ್ತೇ ಜನ ಮಾಡುತ್ತಾರೆ ಅಂದಳು.

"ಹತ್ತು ಜನ ಕಾವಲಿಗೇ ಸಾಲಲ್ಲ ಕಣಮ್ಮ," ಎಂದರು ಪುಟ್ಟಸ್ವಾಮಿ, ಚಾಮರಾಜಪುರಂನ ಮನೆಯ ಜಗುಲಿಯಲ್ಲಿ ಕಾಫಿ ಹೀರುತ್ತ.

"ಹಾಗಾದ್ರೆ ನಮ್ಮ ಅಣಕು ಯುದ್ಧಕ್ಕೆ ನೀವೇ ಶತ್ರು ಆಗಿ ಬನ್ನಿ ಅಪ್ಪ. ನಿಮ್ಮ ಸ್ನೇಹಿತರನ್ನೂ ಕರ್ಕೊಂಡು ಬನ್ನಿ."

ಭಾನುವಾರ ಬೆಳಿಗ್ಗೆ ವಿಜಯನಗರ ಬಡಾವಣೆಯಾಚೆಯ ಕುರುಚಲು ಗುಡ್ಡದಲ್ಲಿ ಪುಟ್ಟಸ್ವಾಮಿ ತಮ್ಮ ಹಳೆಯ ಜೊತೆಗಾರರನ್ನು ಬಂಡೆಗಳ ಮರೆಯಲ್ಲಿ ಕೂರಿಸಿದರು. ತಾವು ಲಂಟಾನ ಪೊದೆಯೊಳಗೆ ಬೋರಲು ಮಲಗಿದರು. ಕೆಳಗಿನ ದಾರಿಯಲ್ಲಿ ಒಂದು ನರಪಿಳ್ಳೆಯೂ ಕಾಣಲಿಲ್ಲ. ಇವರು ಬರೋದೇ ಇಲ್ಲವೇನೋ ಅಂದುಕೊಳ್ಳುವಷ್ಟರಲ್ಲಿ ತಲೆಯ ಮೇಲೆ ಜೇನುನೊಣದಂಥ ಸದ್ದು. ಕತ್ತೆತ್ತಿದರೆ, ಗುಬ್ಬಚ್ಚಿಯಷ್ಟು ಪುಟ್ಟದೊಂದು ಯಂತ್ರ ಗಾಳಿಯಲ್ಲಿ ನಿಂತು ಅವರನ್ನೇ ನೋಡುತ್ತಿತ್ತು. ಅತ್ತ ನೋಡಿದರೆ ಜೊತೆಗಾರರ ಬಂಡೆಗಳ ಮೇಲೂ ಒಂದೊಂದು.

"ನಮಸ್ಕಾರ ಸಾಹೇಬ್ರೆ," ಎಂಬ ದನಿ ಬೆನ್ನ ಹಿಂದಿನಿಂದ ಬಂತು. ಇಬ್ಬರು ಸೈನಿಕರು ಹುಲ್ಲಿನಿಂದ ಎದ್ದು ನಿಂತರು. ಅವರು ಯಾವಾಗ ಅಲ್ಲಿಗೆ ಬಂದರೋ ಪುಟ್ಟಸ್ವಾಮಿಯವರಿಗೆ ತಿಳಿದಿರಲೇ ಇಲ್ಲ.

ಪುಟ್ಟಸ್ವಾಮಿ ಎದ್ದು ಕೂತರು. ವರ್ಷಿಣಿ ಹತ್ತಿರ ಬಂದಾಗ ಒಂದೇ ಪ್ರಶ್ನೆ ಕೇಳಿದರು. "ಗಾಯ ಆದವನನ್ನ ಹೊರೋರು ಯಾರು? ಒಬ್ಬ ಬಿದ್ರೆ ನಾಲ್ಕು ಜನ ಸ್ಟ್ರೆಚರ್ ಹಿಡೀಬೇಕು. ಅರ್ಧ ದಂಡೇ ಹೋಯ್ತಲ್ಲ."

"ಮಲಗಿ ಅಪ್ಪ," ಎಂದಳು ವರ್ಷಿಣಿ.

ನಾಲ್ಕು ಕಾಲಿನ ಯಂತ್ರವೊಂದು ಮೇಕೆಯ ಹಾಗೆ ಬಂಡೆ ಹತ್ತಿ ಬಂತು. ಅದರ ಬೆನ್ನಿನ ಕ್ಯಾನ್ವಾಸಿನ ಮೇಲೆ ಸೈನಿಕರು ಅವರನ್ನು ಮಲಗಿಸಿ ಪಟ್ಟಿ ಬಿಗಿದರು. ಒಬ್ಬನೇ ಒಬ್ಬ ಸೈನಿಕ ಅವರ ಕೈ ಹಿಡಿದು ಪಕ್ಕದಲ್ಲಿ ನಡೆದ. ಯಂತ್ರ ಕೊರಕಲುಗಳನ್ನು ದಾಟಿ, ಜಾರುಗಲ್ಲುಗಳ ಮೇಲೆ ಕಾಲೂರಿ, ಮೈ ಅಲುಗದಂತೆ ಇಳಿಯಿತು. ಪುಟ್ಟಸ್ವಾಮಿ ಆಕಾಶವನ್ನೇ ನೋಡುತ್ತಿದ್ದರು.

ಕೆಳಗೆ ಬಂದ ಮೇಲೂ ಅವರು ಏಳಲಿಲ್ಲ.

"ನೋವಾಯ್ತಾ ಅಪ್ಪ?"

"ಇಲ್ಲಮ್ಮ. ಹಿಮದಲ್ಲಿ ಗಾಯ ಆಗಿದ್ದ ನಮ್ಮ ತುಕಡಿಯ ಸಿದ್ದಪ್ಪಾಜಿನ ನಾವು ನಾಲ್ಕು ಜನ ಇಡೀ ಹಗಲು ಹೊತ್ವಿ. ಕೆಳಗೆ ಬರೋ ಹೊತ್ಗೆ ಅವ್ನು ಇರ್ಲಿಲ್ಲ." ಯಂತ್ರದ ಮೈ ತಟ್ಟಿ, "ಇದು ಇಷ್ಟು ಬೇಗ ಇಳಿದ್ಬುಡ್ತಲ್ಲ," ಎಂದರು.

ಹಳೆಯ ಜೊತೆಗಾರರು ಒಬ್ಬೊಬ್ಬರಾಗಿ ಇಳಿದು ಬಂದು ಸುತ್ತ ನಿಂತರು. ಪುಟ್ಟಸ್ವಾಮಿ ಆ ಸೈನಿಕನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.

"ಯಂತ್ರ ಎಷ್ಟಾದ್ರೂ ಬರ್ಲಿ," ಎಂದರು ಮಗಳಿಗೆ, "ಪಕ್ಕದಲ್ಲಿ ನಡೆಯೋಕೆ ಇವನೊಬ್ಬ ಇರ್ಲಿ."

"ಇರ್ತಾನೆ ಅಪ್ಪ," ಎಂದಳು ವರ್ಷಿಣಿ.