ಸಾಲೈ ವರಿ ಅಂದರೆ ಸಾಲದ ವರಿಯಲ್ಲ

ಚೆನ್ನೈಯ ಕ್ರೋಂಪೇಟೆಯ ಆ ಬೀದಿಯಲ್ಲಿ ನಿಂತಿದ್ದ ಮೈಸೂರು ನಂಬರಿನ ವ್ಯಾನು ಒಂದೇ. ಅದನ್ನು ತಮಿಳುನಾಡಿನ ನಂಬರಿಗೆ ಬದಲಿಸಲು ಎಷ್ಟು ಖರ್ಚು ಎಂದು ಶ್ರೀನಾಥ ಕೇಳಿದಾಗ ಸಿಕ್ಕ ಉತ್ತರ ಮಾತ್ರ ಮೂರು.

"ನಯಾಪೈಸೆ ಬೇಡ ಕಣೋ. ಲೈಫ್ ಟ್ಯಾಕ್ಸ್ ಕಟ್ಟಿದ್ಮೇಲೆ ಮುಗೀತು" ಎಂದ ಆಫೀಸಿನ ಗೆಳೆಯ ಗುರುಚರಣ. "ಏನೋ ಚಿಲ್ಲರೆ ಫೀಸು ಇರತ್ತೆ" ಎಂದರು ಕೆಳಗಿನ ಮನೆಯವರು. "ಎರಡು ಲಕ್ಷ ಕೊಡಿ, ಮಿಕ್ಕಿದ್ದೇನೂ ಕೇಳ್ಬೇಡಿ" ಎಂದ ಒಬ್ಬ ಬ್ರೋಕರು. ಶ್ರೀನಾಥ ಮೂರರಲ್ಲಿ ಕಡಿಮೆ ಯಾವುದೋ ಅದನ್ನೇ ನಂಬಿ, ಏನೂ ಮಾಡದೆ ಸುಮ್ಮನಾದ. ಹಾಗೆ ಸುಮ್ಮನಾಗಿ ಎರಡು ವರ್ಷ ಕಳೆದಿತ್ತು.

ವ್ಯಾನನ್ನು ಅವನು ಮೈಸೂರಿನಲ್ಲಿ ಹೊಸದಾಗಿಯೇ ಕೊಂಡಿದ್ದ. ಕೆಲಸ ನುಂಗಂಬಾಕ್ಕಂಗೆ ಬದಲಾದಾಗ ಸಾಮಾನು ತುಂಬಿಕೊಂಡು ಅದರಲ್ಲೇ ಬಂದಿದ್ದ. ಹೋದ ವರ್ಷ ತಾಯಿ ನಾಗರತ್ನಮ್ಮನವರ ಸೊಂಟದ ಆಪರೇಷನ್ ಆಯಿತು. ಹೆಚ್ಚು ಹೊತ್ತು ಕೂರಲಾಗದು, ಗಂಟೆಗೊಮ್ಮೆ ಬಚ್ಚಲಿಗೆ ಹೋಗಬೇಕು. ಬಸ್ಸು ರೈಲು ಎರಡೂ ಬಂದಾದವು. ಆಗ ಶ್ರೀನಾಥ ವ್ಯಾನಿನ ಹಿಂದಿನ ಸೀಟು ಕೀಳಿಸಿ ಒಂದು ಮಂಚ, ಪುಟ್ಟ ಟಾಯ್ಲೆಟ್ಟು, ಕಾಫಿ ಕಾಯಿಸಲು ಗ್ಯಾಸ್ ಒಲೆ ಹಾಕಿಸಿದ.

ಮುದುಕಿಗೆ ಇದ್ದದ್ದು ಒಂದೇ ಆಸೆ. ಚಾಮರಾಜನಗರದಲ್ಲಿ ಆಕೆಯ ಅಕ್ಕ ಇದ್ದಾರೆ. ವಯಸ್ಸು ಎಂಬತ್ತೆರಡು, ಇನ್ನೂ ಸಮುದ್ರ ಕಂಡವರಲ್ಲ. ಅವರನ್ನು ಕರೆದುಕೊಂಡು ರಾಮೇಶ್ವರಕ್ಕೆ ಹೋಗಬೇಕು. ದಿನವೂ ಗೊತ್ತಾಗಿತ್ತು, ಮುಂದಿನ ಶುಕ್ರವಾರ.

ಅದಕ್ಕೆ ಮುಂಚಿನ ಭಾನುವಾರ ಶ್ರೀನಾಥ ವ್ಯಾನಿಗೆ ಡೀಸೆಲ್ ಹಾಕಿಸಿಕೊಂಡು ಬರುವಾಗ ಜಿಎಸ್‌ಟಿ ಎಂಬ ಹೆದ್ದಾರಿಯಲ್ಲಿ ಸಾರಿಗೆ ಇಲಾಖೆಯ ತಪಾಸಣೆ ನಡೆಯುತ್ತಿತ್ತು. ಅಧಿಕಾರಿ ನಂಬರ್ ಪ್ಲೇಟು ನೋಡಿದರು. ಒಳಗೆ ಇಣುಕಿ ಮಂಚವನ್ನೂ ನೋಡಿದರು. ಆಮೇಲೆ ಸಮಾಧಾನವಾಗಿಯೇ ಕೇಳಿದರು.

"ಸಾಲೈ ವರಿ ಕಟ್ಟಿಟ್ಟೀಂಗಳಾ?"

ಶ್ರೀನಾಥನ ಮುಖ ಅರಳಿತು. ಸಾಲದ ವರಿ ಎಂದರೆ ಸಾಲದ ಕಂತೇ ಇರಬೇಕು! ಜನ್ಮದಲ್ಲಿ ಒಂದು ಸಾಲ ಮಾಡದವನು ತಾನು. ಎದೆಯುಬ್ಬಿಸಿ ತನಗೆ ಬಂದ ತಮಿಳಿನಲ್ಲಿ ಹೇಳಿದ. "ಸಾಲ ಇಲ್ಲೈ ಸಾರ್! ಒರು ರೂಪಾಯ್ ಕೂಡ ಇಲ್ಲೈ!"

ಅಧಿಕಾರಿ ಕನ್ನಡಕ ತೆಗೆದು ಇವನನ್ನು ನೋಡಿದರು. "ಒರು ರೂಪಾಯ್ ಕೂಡ ಕಟ್ಟಲೈಯಾ?"

"ಸತ್ಯಮಾ ಇಲ್ಲೈ ಸಾರ್!" ಎಂದ ಶ್ರೀನಾಥ, ಇನ್ನೂ ನಗುತ್ತಲೇ.

ಅಧಿಕಾರಿ ತಮಿಳಿನಲ್ಲಿ ಒಂದು ನೋಟಿಸು ಬರೆದು ಕೈಗಿಟ್ಟರು. ಏಳು ದಿನದೊಳಗೆ ದಾಖಲೆಗಳೊಂದಿಗೆ ಸಾರಿಗೆ ಕಚೇರಿಗೆ ಬರಬೇಕು, ಇಲ್ಲವಾದರೆ ಗಾಡಿ ಮುಟ್ಟುಗೋಲು ಎಂಬಷ್ಟನ್ನು ಅವರು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಯಾಕೆ ಎಂಬುದು ಮಾತ್ರ ಶ್ರೀನಾಥನಿಗೆ ತಿಳಿಯಲಿಲ್ಲ.

ಮನೆಗೆ ಬಂದವನೇ ನೋಟಿಸನ್ನು ಮೇಜಿನ ಮೇಲೆ ಕುಕ್ಕಿದ. "ಸಾಲ ಮಾಡ್ದೆ ಗಾಡಿ ತಗೊಂಡ್ರೆ ಅದಕ್ಕೂ ದಂಡವಾ ಈ ಊರಲ್ಲಿ?"

"ಅದ್ಯಾವ ಕಾನೂನು ರೀ?" ಎಂದಳು ಹೆಂಡತಿ ಪಾವನಾ.

"ಅದನ್ನೇ ನಾನೂ ಕೇಳ್ತಿರೋದು!"

"ಹಂಗಾದ್ರೆ ಒಂದು ಸಣ್ಣ ಸಾಲ ಮಾಡ್ಬುಡು ಮಗ, ಏನೀಗ" ಎಂದರು ನಾಗರತ್ನಮ್ಮ ಒಳಗಿನಿಂದ. "ಶುಕ್ರವಾರ ಮಾತ್ರ ತಪ್ಪಿಸ್ಬ್ಯಾಡ. ನಮ್ಮಕ್ಕ ಬ್ಯಾಗು ಕಟ್ಟಿ ಮಡಿಕಂಡವ್ಳೆ."

ಪಾವನಾಗೆ ಸರಸಕ್ಕನ ನೆನಪಾಯಿತು. ಉಡುಪಿ ಕಡೆಯ ಸರಸ ಮತ್ತು ಆಕೆಯ ಗಂಡ ಬಾಬು ರೈಲ್ವೆ ಸ್ಟೇಷನ್ನಿನ ಹತ್ತಿರ ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ. ಇಪ್ಪತ್ತು ವರ್ಷದಿಂದ ಚೆನ್ನೈಯಲ್ಲಿದ್ದು ತಮಿಳು ಓದಬಲ್ಲವರು. ತಾಯಿಯನ್ನೂ ಕೂರಿಸಿಕೊಂಡು ಮೂವರೂ ಆಟೋದಲ್ಲಿ ಹೋದರು. ವ್ಯಾನು ತೆಗೆಯಲು ಶ್ರೀನಾಥನಿಗೆ ಧೈರ್ಯ ಸಾಲಲಿಲ್ಲ.

ಗಲ್ಲಾದಲ್ಲಿ ಕೂತಿದ್ದ ಸರಸಕ್ಕ ನೋಟಿಸು ಓದಿದರು. ಆಮೇಲೆ ನಡೆದದ್ದನ್ನು ಶ್ರೀನಾಥನ ಬಾಯಿಂದಲೇ ಕೇಳಿದರು. ಕೇಳಿ ನಗಲು ಶುರು ಮಾಡಿದವರು ಸೆರಗಿನಿಂದ ಕಣ್ಣೊರೆಸಿಕೊಳ್ಳುವವರೆಗೂ ನಿಲ್ಲಿಸಲಿಲ್ಲ.

"ಮಾರಾಯ್ರೆ, ಸಾಲಕ್ಕೆ ತಮಿಳಲ್ಲಿ ಕಡನ್ ಅಂತಾರೆ. ಸಾಲೈ ಅಂದ್ರೆ ರಸ್ತೆ, ವರಿ ಅಂದ್ರೆ ತೆರಿಗೆ. ರೋಡ್ ಟ್ಯಾಕ್ಸ್ ಕಟ್ಟಿದ್ದೀರಾ ಅಂತ ಕೇಳಿದ್ದು ಅವ್ರು. ನೀವು ಒಂದು ರೂಪಾಯಿಯೂ ಕಟ್ಟಿಲ್ಲ, ಸತ್ಯವಾಗಿ ಕಟ್ಟಿಲ್ಲ ಅಂತ ಹಲ್ಲು ಕಿರಿದು ಬಂದಿದ್ದೀರಿ!"

ಶ್ರೀನಾಥ ನೋಟಿಸನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ.

"ದಿನಾ ಅಣ್ಣಾ ಸಾಲೈ ಮೇಲೆ ಆಫೀಸಿಗೆ ಹೋಗ್ತೀರಲ್ಲ, ಅದೆಂತದು, ಅಣ್ಣನ ಸಾಲವಾ?"

ಬಂದ ಹೊಸದರಲ್ಲಿ ಹಾಗೆಂದೇ ತಿಳಿದಿದ್ದ ಎಂಬುದನ್ನು ಶ್ರೀನಾಥ ಹೇಳಲಿಲ್ಲ. ಬದಲಿಗೆ ವಾದಕ್ಕಿಳಿದ. "ಸರಿ ಸರಸಕ್ಕ, ಆದ್ರೆ ಮೈಸೂರಲ್ಲಿ ಲೈಫ್ ಟ್ಯಾಕ್ಸ್ ಕಟ್ಟಿದೀನಿ. ರಸೀದಿ ಇದೆ. ಇರೋದು ಒಂದು ಲೈಫು, ಟ್ಯಾಕ್ಸ್ ಎರಡಾ?"

ಸರಸಕ್ಕ ಗಲ್ಲಾದಿಂದ ಒಂದು ಊಟದ ಕೂಪನ್ನು ಎತ್ತಿ ಅವನ ಮುಂದಿಟ್ಟರು. "ಇದು ನಮ್ಮ ಹೋಟೆಲಿನದ್ದು. ಇದನ್ನು ಹಿಡ್ಕೊಂಡು ಎದುರಿನ ಹೋಟೆಲಿಗೆ ಹೋದ್ರೆ ಊಟ ಹಾಕ್ತಾರಾ? ಮೈಸೂರಲ್ಲಿ ಕಟ್ಟಿದ್ದು ಕರ್ನಾಟಕದ ಕೂಪನ್ನು. ಗಾಡಿ ಈಗ ಈ ಊರಿನ ರಸ್ತೆಯಲ್ಲಿ ಉಂಟು. ಹನ್ನೆರಡು ತಿಂಗಳು ದಾಟಿ ಇಲ್ಲೇ ಇಟ್ಟುಕೊಂಡ್ರೆ ಇಲ್ಲಿಯ ನಂಬರ್ ತಗೊಳ್ಳಲೇಬೇಕು. ತೆರಿಗೆಯನ್ನಂತೂ ಬಂದ ಕೂಡ್ಲೇ ವಿಚಾರಿಸ್ಬೇಕು, ವರ್ಷ ಕಾಯೋದಲ್ಲ."

"ಅಲ್ಲಿ ಕಟ್ಟಿದ್ದು ಗೋವಿಂದಾನಾ?"

"ಇಲ್ಲ. ಗಾಡಿ ಓಡಿದ ವರ್ಷಗಳದ್ದು ಹೋಯ್ತು, ಉಳಿದ ವರ್ಷಗಳದ್ದನ್ನು ವಾಪಸ್ ಕೇಳ್ಬಹುದು. ನೀವೇ ಅರ್ಜಿ ಹಾಕ್ಬೇಕು, ಅವ್ರಾಗೇ ಮನೆಗೆ ತಂದು ಕೊಡುದಿಲ್ಲ. ಇಲ್ಲಿಯೂ ಅಷ್ಟೇ, ಗಾಡಿಯ ಬೆಲೆ, ವಯಸ್ಸು ನೋಡಿ ತೆರಿಗೆ ಹಾಕ್ತಾರೆ. ನಮ್ಮ ಸಾಮಾನಿನ ಗಾಡಿ ಮಂಗಳೂರಿಂದ ತಂದಾಗ ನಮ್ಮೆಜಮಾನ್ರು ಬ್ರೋಕರಿಗೆ ದುಡ್ಡು ಕೊಟ್ಟು ಕೈ ಸುಟ್ಕೊಂಡಿದ್ದಾರೆ. ಬಾಯಿ ಲೆಕ್ಕ ನಂಬ್ಬೇಡಿ, ರಸೀದಿ ಲೆಕ್ಕ ನಂಬಿ."

ಇಷ್ಟಕ್ಕೆ ಮುಗಿಯಿತು ಎಂದುಕೊಂಡ ಶ್ರೀನಾಥ. ಸರಸಕ್ಕ ಬಿಡಲಿಲ್ಲ.

"ಒಳಗೆ ಮಂಚ, ಒಲೆ ಎಲ್ಲ ಮಾಡ್ಸಿದ್ದೀರಲ್ಲ, ಆರ್‌ಸಿಯಲ್ಲಿ ಅದು ಬಂದಿದೆಯಾ?"

"ಮಂಚಕ್ಕೂ ರಿಜಿಸ್ಟ್ರೇಷನ್ನಾ?"

"ನನ್ ಮದ್ವೇಲಿ ಕೊಟ್ಟ ಮಂಚಕ್ಕೆ ಯಾವನೂ ಕಾಗ್ದ ಕೇಳ್ನಿಲ್ಲ ಕಣವ್ವ" ಎಂದರು ನಾಗರತ್ನಮ್ಮ.

"ನಿಮ್ಮ ಮಂಚ ಅರವತ್ತರ ಸ್ಪೀಡಲ್ಲಿ ಹೋಗ್ಲಿಲ್ಲವಲ್ಲ ಅಮ್ಮಾ" ಎಂದು ನಕ್ಕರು ಸರಸಕ್ಕ. ಆಮೇಲೆ ದನಿ ತಗ್ಗಿಸಿ ಶ್ರೀನಾಥನಿಗೆ ಹೇಳಿದರು. "ಸೀಟಿನ ಗಾಡಿ ಅಂತ ಬರ್ದಿದೆ, ಒಳಗೆ ಮನೆ ಉಂಟು. ನಾಳೆ ದಾರಿಯಲ್ಲಿ ಏನಾದ್ರೂ ಆದ್ರೆ ಇನ್ಶೂರೆನ್ಸಿನವ್ರು ಈ ಗಾಡಿ ನಮ್ಮ ಕಾಗದದಲ್ಲಿಲ್ಲ ಅನ್ಬಹುದು. ಆ ಮಂಚದ ಮೇಲೆ ಮಲಗೋದು ಇವ್ರು, ಇವ್ರ ಅಕ್ಕ. ಹೇಳಿ, ಶುಕ್ರವಾರ ಹೊರಡ್ತೀರಾ?"

ಶ್ರೀನಾಥ ತಾಯಿಯ ಕಡೆ ನೋಡಿದ. ನಾಗರತ್ನಮ್ಮ ಕಾಫಿ ಲೋಟದ ಕಡೆ ನೋಡುತ್ತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಕೊನೆಗೆ ಮುದುಕಿಯೇ ಮಗನ ಫೋನು ಇಸಿದುಕೊಂಡು ಅಕ್ಕನಿಗೆ ಹಚ್ಚಿಸಿದರು. ಎಲ್ಲವನ್ನೂ ಕೂಗಿ ಹೇಳಿದರು. ಆ ಕಡೆಯ ಉತ್ತರ ಹೋಟೆಲಿಗೆಲ್ಲ ಕೇಳಿಸಿತು.

"ಎಂಬತ್ತೆರಡು ವರ್ಸ ಕಾದಿವ್ನಿ ಕಣೇ, ಇನ್ನೆರಡು ತಿಂಗ್ಳು ಕಾಯಾಕಾಗಲ್ವಾ? ಸಮುದ್ರ ಎಲ್ಗೂ ಓಡೋಗಲ್ಲ. ಕಾಗ್ದ ಸರಿ ಮಾಡ್ಕಂಡೇ ಬನ್ನಿ!"

ಮಾರನೆಯ ದಿನವೇ ಶ್ರೀನಾಥ ನೋಟಿಸು ಹಿಡಿದು ಸಾರಿಗೆ ಕಚೇರಿಗೆ ಹೋಗಿ, ಆದ ತಪ್ಪು ಹೇಳಿ ಸಮಯ ಕೇಳಿಕೊಂಡ. ರಜೆ ಹಾಕಿ ಮೈಸೂರಿಗೆ ಹೋಗಿ ಅಲ್ಲಿಯ ಸಾರಿಗೆ ಕಚೇರಿಯಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ತಂದ. ಸಾಲ ಇದ್ದಿದ್ದರೆ ಬ್ಯಾಂಕಿನ ಪತ್ರವೂ ಬೇಕಿತ್ತಂತೆ. ಇಲ್ಲದ ಸಾಲ ಅಲ್ಲೊಂದು ಕಡೆ ಉಪಯೋಗಕ್ಕೆ ಬಂತು. ಚೆನ್ನೈಯಲ್ಲಿ ಹೊಸ ನಂಬರಿಗೂ ಒಳಗಿನ ಬದಲಾವಣೆಗೂ ಅರ್ಜಿ ಹಾಕಿದ. ಬದಲಾವಣೆಗೆ ಮೊದಲೇ ಒಪ್ಪಿಗೆ ಪಡೆಯಬೇಕಿತ್ತು ಎಂದು ಬೈಸಿಕೊಂಡ. ತಪಾಸಣೆ ಮಾಡಿದವರು ಸಿಲಿಂಡರ್ ಇಟ್ಟ ಜಾಗ ಅಪಾಯ ಎಂದಾಗ ಪಾವನಾ ಎದೆ ಮುಟ್ಟಿಕೊಂಡಳು. ಅದು ಅತ್ತೆಯ ತಲೆದಿಂಬಿನ ಪಕ್ಕವೇ ಇತ್ತು. ಒಲೆಯನ್ನೇ ತೆಗೆಸಿ, ಕಾಫಿಗೆ ಫ್ಲಾಸ್ಕು ಸಾಕೆಂದರು.

ತೆರಿಗೆ, ಫೀಸು, ತಡವಾದದ್ದಕ್ಕೆ ದಂಡ, ಬದಲಾಯಿಸಿದ ಇನ್ಶೂರೆನ್ಸು ಎಲ್ಲ ಸೇರಿ ಬಂದ ಮೊತ್ತ ಗುರುಚರಣ ಹೇಳಿದ್ದಲ್ಲ, ಕೆಳಗಿನ ಮನೆಯವರು ಹೇಳಿದ್ದಲ್ಲ, ಬ್ರೋಕರು ಹೇಳಿದ್ದೂ ಅಲ್ಲ. ನೋವಾಗುವಷ್ಟೇ ಇತ್ತು. ಆದರೆ ಪ್ರತಿ ರೂಪಾಯಿಗೂ ರಸೀದಿ ಇತ್ತು. ದಂಡದ ರಸೀದಿಯನ್ನು ಪಾವನಾ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

ಎರಡು ತಿಂಗಳಲ್ಲ, ಮೂರು ತಿಂಗಳು ಹಿಡಿಯಿತು. ಕಡೆಗೂ ಅಕ್ಕ ತಂಗಿ ಇಬ್ಬರನ್ನೂ ಕೂರಿಸಿಕೊಂಡು ಹೊಸ ನಂಬರಿನ ವ್ಯಾನು ರಾಮೇಶ್ವರದ ದಾರಿ ಹಿಡಿಯಿತು. ಮಧುರೆ ದಾಟಿದ ಮೇಲೆ ಒಬ್ಬ ಪೊಲೀಸಿನವನು ಕೈ ಅಡ್ಡ ಹಿಡಿದ. ಶ್ರೀನಾಥ ಕಾಗದದ ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಹಿಂದಿನ ಕಿಟಕಿಯಿಂದ ನಾಗರತ್ನಮ್ಮನವರ ತಲೆ ಹೊರಬಂತು. ಮೂರು ತಿಂಗಳಿಂದ ಬಾಯಿಪಾಠ ಮಾಡಿದ್ದ ತಮಿಳು.

"ಸಾಲೈ ವರಿ ಕಟ್ಟಿಯಾಚ್ಚು! ಮಂಚಕ್ಕೂ ಕಾಗ್ದ ಇದೆ! ಬಿಡಪ್ಪ, ನಮ್ಮಕ್ಕ ಸಮುದ್ರ ನೋಡ್ಬೇಕು!"

ಅರ್ಥವಾಯಿತೋ ಇಲ್ಲವೋ, ಅವನು ಕಾಗದ ನೋಡಿ, ನಕ್ಕು ಕೈ ಬೀಸಿದ.

ಬೇರೆ ರಾಜ್ಯದಿಂದ ಗಾಡಿ ತಂದಿರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ಬಾಗಿಲಲ್ಲೂ ಹಳೆಯ ಊರಿನ ನಂಬರಿನ ಗಾಡಿ ನಿಂತಿದೆಯೇ? ಬಂದು ಎಷ್ಟು ತಿಂಗಳಾಯಿತೆಂದು ಈಗಲೇ ಎಣಿಸಿ. ಎಷ್ಟು ಖರ್ಚಾಗುತ್ತದೆಂದು ಬೀದಿಯಲ್ಲಿ ಕೇಳಬೇಡಿ, ಸಾರಿಗೆ ಕಚೇರಿಯಲ್ಲಿ ಕೇಳಿ. ಒಳಗೆ ಮಂಚ ಹಾಕಿಸುವ ಮುಂಚೆ ಒಪ್ಪಿಗೆ ಪಡೆಯಿರಿ, ಇನ್ಶೂರೆನ್ಸಿನವರಿಗೂ ತಿಳಿಸಿ. ಭಾಷೆ ತಿಳಿಯದಿದ್ದರೆ ತಲೆಯಾಡಿಸಬೇಡಿ, ಇನ್ನೊಮ್ಮೆ ಕೇಳಿ. ನಿಮ್ಮ ಗಾಡಿಯಲ್ಲಿ ಮಲಗಿ ಬರುವವರು ನಿಮ್ಮವರೇ.