ಏಳು ಪದರದ ಚರ್ಮದಂಗಿ

ನಾನು ಒಂದು ಚರ್ಮದ ಅಂಗಿ. ಈಗ ಗಾಜಿನ ಪೆಟ್ಟಿಗೆಯೊಳಗೆ ನೇತಾಡುತ್ತಿದ್ದೇನೆ. ಪಕ್ಕದ ಫಲಕದಲ್ಲಿ ನನ್ನ ಬಗ್ಗೆ ನಾಲ್ಕು ಸಾಲು ಬರೆದಿದ್ದಾರೆ. ಜಿಂಕೆಯ ಚರ್ಮ ಎನ್ನುವ ಮೊದಲ ಸಾಲು ನಿಜ, ಉಳಿದ ಮೂರೂ ಶುದ್ಧ ಸುಳ್ಳು. ಇನ್ನೂರೈವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದು ಸಾಕು, ಇವತ್ತು ಹೇಳಿಯೇ ತೀರುತ್ತೇನೆ.

ನಾನು ಹುಟ್ಟಿದ್ದು ಮೆಕ್ಸಿಕೋದ ಉತ್ತರದ ಗಡಿಯಲ್ಲಿ, ಸಾನ್ ಬೆಲ್ತ್ರಾನ್ ಎಂಬ ಮಣ್ಣಿನ ಕೋಟೆಯ ಹತ್ತಿರದ ಹಳ್ಳಿಯಲ್ಲಿ. ಆಗ ಆ ಸೀಮೆಗೆಲ್ಲ ಸ್ಪೇನಿನ ದೊರೆಯೇ ಒಡೆಯ. ದೊರೆ ಇದ್ದದ್ದು ಸಮುದ್ರದಾಚೆ, ಅವನ ಸಿಪಾಯಿಗಳು ಮಾತ್ರ ನಮ್ಮ ತಲೆಯ ಮೇಲೆ. ಬಾಣ ತಡೆಯಲು ಅವರು ಮೊಣಕಾಲವರೆಗೆ ಇಳಿಯುವ ದಪ್ಪ ಚರ್ಮದಂಗಿ ತೊಡುತ್ತಿದ್ದರು. ನನ್ನನ್ನು ಹೊಲಿದವಳು ತೊಮಾಸಾ, ಅಲ್ಲಿಯ ಮೂಲನಿವಾಸಿ ಹೆಂಗಸು. ಏಳು ಪದರ ಚರ್ಮ ಒಂದರ ಮೇಲೊಂದು ಇಟ್ಟು ದಬ್ಬಳದಲ್ಲಿ ಚುಚ್ಚಿ ಚುಚ್ಚಿ ಅವಳ ಬೆರಳೆಲ್ಲ ಹುಣ್ಣಾಗಿತ್ತು. ಮುಗಿದ ದಿನ ಗಂಡ ಲೂಕಾಸನ ಮೈಗೆ ನನ್ನನ್ನು ಹಿಡಿದು ನೋಡಿದಳು.

"ಏಳು ಪದರ ಇದೆ. ಯಾವ ಬಾಣನೂ ಒಳಗೆ ಬರಲ್ಲ" ಎಂದಳು.

"ನಮಗೇನು ಬಂತು ಅದರಿಂದ? ಹಾಕ್ಕೊಳ್ಳೋನು ಕಪ್ತಾನ" ಎಂದ ಲೂಕಾಸ್.

ಆ ಕಪ್ತಾನನೇ ದೋನ್ ಗಾಸ್ಪರ್ ಅರಿಸ್ತಾ. ಬರಿಗೈಯಲ್ಲಿ ಸಿಪಾಯಿಯಾಗಿ ಬಂದು ಮೇಲೇರಿದವನು. ಮೊದಮೊದಲು ಅವನಿಗೂ ಗುಂಡಿಗೆ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಪದವಿ ಏರಿದಂತೆ ಹೊಟ್ಟೆಯೂ ಬಂತು. ಸೆಖೆ, ಭಾರ ಎಂದು ಗೊಣಗಿ ನನ್ನ ಮೂರು ಪದರ ಬಿಚ್ಚಿಸಿ ಎಸೆದ. ಬದಲಿಗೆ ಕುತ್ತಿಗೆಗೆ ಕೆಂಪು ಪಟ್ಟಿ ಹೊಲಿಸಿಕೊಂಡ, ದೂರದಿಂದಲೇ ಕಪ್ತಾನನೆಂದು ಎಲ್ಲರಿಗೂ ತಿಳಿಯಲಿ ಎಂದು.

ಒಂದು ವರ್ಷ ತೊಮಾಸಾಳ ಹಳ್ಳಿಯವರು ಕೋಟೆಯ ಬಿಟ್ಟಿ ಕೆಲಸಕ್ಕೆ ಬರುವುದಿಲ್ಲ ಎಂದರು. ಅಷ್ಟಕ್ಕೇ ಅವನು ಹಳ್ಳಿಯ ಮಕ್ಕಳನ್ನು ಎಳೆದು ತಂದು ಸಿಪಾಯಿಗಳ ಮನೆಗಳಿಗೆ ಹಂಚಿದ. ಕೇಳಿದರೆ, ಧರ್ಮ ಕಲಿಸಲು ಅಂತೆ! ಕಸ ಗುಡಿಸುವುದರಲ್ಲಿ ಯಾವ ಧರ್ಮ ಇತ್ತೋ, ನಾನಂತೂ ಕಾಣೆ. ತೊಮಾಸಾಳ ಆರು ವರ್ಷದ ಮಗಳು ಇನೇಸ್ ಕಪ್ತಾನನ ಮನೆಯ ಪಾಲಾದಳು. ಅವಳನ್ನು ಬಿಡಿಸಿಕೊಳ್ಳಲೆಂದೇ ಲೂಕಾಸ್ ಕಪ್ತಾನನ ದಂಡಿಗೆ ದಾರಿ ತೋರಿಸುವ ಆಳಾಗಿ ಸೇರಿದ.

ಮರುವರ್ಷ ದಂಡು ಒಂದು ಕಣಿವೆಯ ಬಾಯಿಗೆ ಬಂತು. ಮೇಲೆ ಬಂಡೆಗಳ ಹಿಂದೆ ಬಿಲ್ಲುಗಾರರಿದ್ದರು. ತಮ್ಮ ನೆಲವನ್ನು ತಾವು ಕಾಯುತ್ತಿದ್ದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಕಪ್ತಾನ ಕುದುರೆ ನಿಲ್ಲಿಸಿ ನನ್ನನ್ನು ಬಿಚ್ಚಿದ.

"ಲೂಕಾಸ್, ಇದನ್ನ ಹಾಕ್ಕೊಂಡು ಮುಂದೆ ಹೋಗು. ಈ ಕಣಿವೆ ದಾಟಿಸಿದ್ರೆ ಇವತ್ತೇ ನಿನ್ನ ಮಗಳನ್ನ ಮನೆಗೆ ಕಳಿಸ್ತೀನಿ."

"ಮಾತು ಕೊಡ್ತೀರಾ ದಣಿ?"

"ದೊರೆಯಾಣೆ."

ನನ್ನಲ್ಲಿ ಉಳಿದದ್ದು ನಾಲ್ಕೇ ಪದರ ಎಂದು ಕಪ್ತಾನನಿಗೆ ಗೊತ್ತಿತ್ತು. ಲೂಕಾಸನಿಗೆ ಗೊತ್ತಿರಲಿಲ್ಲ. ಹೆಂಡತಿ ಹೊಲಿದ ಅಂಗಿ ಎಂಬ ಧೈರ್ಯದಲ್ಲಿ ಅವನು ಎದೆ ಕೊಟ್ಟು ನಡೆದ. ಮೇಲಿನವರು ಕೆಂಪು ಪಟ್ಟಿ ನೋಡಿ ಬಾಣ ಬಿಟ್ಟರು. ಅದು ನನ್ನನ್ನು ಸೀಳಿಕೊಂಡು ಹೋಯಿತು. ತಡೆಯಲು ಹುಟ್ಟಿದವನು ನಾನು, ನನ್ನ ಕೈಲಾಗಲಿಲ್ಲ. ಬಿಲ್ಲುಗಾರರು ಕಪ್ತಾನ ಸತ್ತನೆಂದು ಕೇಕೆ ಹಾಕುವಷ್ಟರಲ್ಲಿ ಕಪ್ತಾನ ದಂಡಿನೊಂದಿಗೆ ಪಕ್ಕದ ಗುಡ್ಡ ಹತ್ತಿ ಗೆದ್ದುಬಿಟ್ಟ.

ದಂಡು ಕಣಿವೆ ದಾಟಿತು, ಮಗಳು ಮನೆಗೆ ಹೋಗಲಿಲ್ಲ. ದೊರೆಗೆ ಹೋದ ಕಾಗದದಲ್ಲಿ ಬಾಣ ಬಿದ್ದದ್ದು ದೋನ್ ಗಾಸ್ಪರನ ಎದೆಗೆ, ಬದುಕಿದ್ದು ದೇವರ ದಯೆಯಿಂದ ಎಂದಿತ್ತು. ಅದೇ ಕಾಗದದ ಬಲದಿಂದ ಅವನು ಆ ಸೀಮೆಗೇ ಗವರ್ನರನಾದ. ಲೂಕಾಸನ ಹೆಣದಿಂದ ಬಿಚ್ಚಿಸಿ ತಂದಿದ್ದ ನನ್ನನ್ನು ತನ್ನ ಮನೆಯ ಗೋಡೆಗೆ ನೇತುಹಾಕಿದ. ಔತಣಕ್ಕೆ ಬಂದವರೆಲ್ಲ ನನ್ನ ತೂತಿನಲ್ಲಿ ಬೆರಳಿಟ್ಟು ನೋಡಬೇಕು, ಅವನು ಮೀಸೆ ತಿರುವಬೇಕು. ದಿನವೂ ನನ್ನ ಧೂಳು ಒರೆಸುತ್ತಿದ್ದವಳು ಯಾರು ಗೊತ್ತೇ? ಇನೇಸ್. ನಿನ್ನಪ್ಪ ದಂಡು ಬಿಟ್ಟು ಓಡಿಹೋದ ಎಂದು ಅವಳಿಗೆ ಹೇಳಿದ್ದರು. ತಾಯಿ ಎಷ್ಟು ಸಲ ಬಂದರೂ ಬಾಗಿಲಿನಿಂದಲೇ ಅಟ್ಟಿದ್ದರು. ಅಪ್ಪನ ರಕ್ತದ ಕಲೆಯ ಮೇಲೆ ಮಗಳು ಬಟ್ಟೆ ಆಡಿಸುವಾಗ ನನ್ನ ಹೊಟ್ಟೆ ಉರಿದುಹೋಗುತ್ತಿತ್ತು.

ಹೀಗೆ ಒಂಬತ್ತು ವರ್ಷ ಕಳೆದು ಅವನ ಅವಧಿ ಮುಗಿಯಿತು. ಅಧಿಕಾರದಿಂದ ಇಳಿಯುವ ಪ್ರತಿ ಗವರ್ನರನನ್ನೂ ದೊರೆಯ ನ್ಯಾಯಾಧೀಶ ಬಂದು ವಿಚಾರಿಸುವುದು ಅಲ್ಲಿಯ ಪದ್ಧತಿ. ಯಾರ ದೂರಿದ್ದರೂ ಬನ್ನಿ ಎಂದು ಊರಲ್ಲಿ ಡಂಗುರ ಸಾರಿದರು. ಭಯಕ್ಕೆ ಯಾರೂ ಬರಲಿಲ್ಲ. ಗವರ್ನರನ ಮನೆಯಲ್ಲೇ ವಿಚಾರಣೆ ಮುಗಿಸಿ ನ್ಯಾಯಾಧೀಶ ಇನ್ನೇನು ಏಳಬೇಕು ಎನ್ನುವಾಗ ತೊಮಾಸಾ ಬಂದಳು.

"ನನ್ನ ಮಗಳನ್ನ ಕೊಡಿಸಿ ಸ್ವಾಮಿ. ಕಣಿವೆ ದಾಟಿಸಿದ್ರೆ ಅವಳನ್ನ ಕಳಿಸ್ತೀನಿ ಅಂದ ಇವರ ಮಾತು ನಂಬಿ ನನ್ನ ಗಂಡ ಸತ್ತ, ದಂಡಿನಲ್ಲಿದ್ದವರೇ ಹೇಳಿದ್ರು. ಸಾಯುವಾಗ ಮೈಮೇಲಿದ್ದದ್ದು ಈ ಅಂಗಿ. ಇದನ್ನ ಹೊಲಿದವಳು ನಾನೇ."

ಗವರ್ನರ್ ನಕ್ಕ. "ಬಾಣ ಬಿದ್ದದ್ದು ನನಗೆ ಅಂತ ದೊರೆಗೇ ಗೊತ್ತು."

"ಹಂಗಾದ್ರೆ ಗಾಯದ ಕಲೆ ತೋರಿಸ್ಲಿ ಸ್ವಾಮಿ."

"ಈ ಹೆಂಗಸಿನ ಮುಂದೆ ನಾನು ಅಂಗಿ ಬಿಚ್ಚಬೇಕೇ?" ಎಂದು ಅವನು ಗುಡುಗಿದ. ನ್ಯಾಯಾಧೀಶ ಗಂಟಲು ಸರಿಮಾಡಿಕೊಂಡ. ಆಗ ನೀರಿನ ಹೂಜಿ ಹಿಡಿದು ಮೂಲೆಯಲ್ಲಿ ನಿಂತಿದ್ದ ಇನೇಸ್ ಬಾಯಿಬಿಟ್ಟಳು.

"ಕಲೆ ಇಲ್ಲ ಸ್ವಾಮಿ. ಬೇಸಿಗೆಲಿ ಬರಿಮೈಯಲ್ಲಿ ಅಂಗಳದಲ್ಲಿ ಕೂತಿರ್ತಾರೆ, ಬೀಸಣಿಗೆ ಬೀಸೋಳು ನಾನೇ. ಎದೆ ಮೇಲೆ ಒಂದು ಗೆರೆನೂ ಇಲ್ಲ."

ಬರೆಯುತ್ತಿದ್ದ ಗುಮಾಸ್ತನಿಗೆ ನ್ಯಾಯಾಧೀಶ ಲೇಖನಿ ಕೆಳಗಿಡು ಎಂದ. ಆಮೇಲೆ ತಗ್ಗಿದ ದನಿಯಲ್ಲಿ, "ದೂರು ವಾಪಸ್ ತಗೋ ತಾಯಿ, ಮಗಳನ್ನ ಈಗಲೇ ಕರ್ಕೊಂಡು ಹೋಗು" ಎಂದ.

ತೊಮಾಸಾ ನನ್ನ ಕಡೆ ನೋಡಿದಳು. ಬೇಡ, ಒಪ್ಪಬೇಡ, ಗಂಡನ ಹೆಸರು ಬರೆಸು ಎಂದು ನಾನು ಒಳಗೊಳಗೇ ಕೂಗಿಕೊಂಡೆ. ಅವಳು ಮಗಳ ಕಡೆ ನೋಡಿದಳು. "ವಾಪಸ್ ತಗೊಂಡೆ" ಎಂದಳು.

ಆ ದಿನ ಅವಳ ಮೇಲೂ ಸಿಟ್ಟಾದೆ, ನನ್ನ ಬುದ್ಧಿಗಿಷ್ಟು! ಸತ್ತವನ ಹೆಸರಿಗಾಗಿ ಬದುಕಿರುವ ಮಗಳನ್ನು ಬಿಟ್ಟು ಹೋಗಲು ಅವಳೇನು ಗವರ್ನರೇ? ಇಬ್ಬರೂ ಬಾಗಿಲವರೆಗೆ ಹೋದರು. ಇನೇಸ್ ಮಾತ್ರ ತಿರುಗಿ ಬಂದು ನನ್ನ ತೂತಿನ ಮೇಲೆ ಅಂಗೈಯಿಟ್ಟು ನಿಂತಳು. "ನೀನು ಓಡಿಹೋಗಿರಲಿಲ್ಲ ಅಪ್ಪಾ" ಎಂದಳು. ನನ್ನೊಳಗೆ ಅಳು ಬರುವಂಥ ಜಾಗವೇನೂ ಇಲ್ಲ, ಆದರೂ ಅತ್ತೆ.

ದೋನ್ ಗಾಸ್ಪರ್ ಪ್ರಾಮಾಣಿಕ ಆಡಳಿತಗಾರ ಎಂದು ತೀರ್ಪಾಯಿತು. ಅವನು ಸುಖವಾಗಿ ಮುದುಕನಾಗಿ ಸತ್ತ. ನಾನು ಮೊದಲು ಚರ್ಚಿಗೆ, ಅಲ್ಲಿಂದ ಯಾರದೋ ಅಟ್ಟಕ್ಕೆ, ಕೊನೆಗೆ ಈ ವಸ್ತುಸಂಗ್ರಹಾಲಯಕ್ಕೆ ಬಂದೆ. ಚರ್ಮ ಒಣಗಿ ಬಿರುಕು ಬಿಟ್ಟಿದೆ, ಸಿಟ್ಟು ಮಾತ್ರ ಹಸಿಯಾಗಿಯೇ ಇದೆ. ಜನ ಬರುತ್ತಾರೆ, ಫಲಕ ಓದುತ್ತಾರೆ: ಕಣಿವೆಯ ಕಾಳಗದಲ್ಲಿ ಗವರ್ನರ್ ತೊಟ್ಟಿದ್ದ ಅಂಗಿ, ಅವರ ಎದೆಗೆ ಬಿದ್ದ ಬಾಣದ ಗುರುತು, ಏಳು ಪದರ. ಎಂಥ ಗಂಡಸು ಎನ್ನುತ್ತಾರೆ.

ಬಾಣ ಬಿದ್ದವನ ಹೆಸರು ಲೂಕಾಸ್. ನನ್ನ ಮಾತಿನಲ್ಲಿ ನಂಬಿಕೆ ಬಾರದಿದ್ದರೆ ಈ ಗಾಜು ತೆಗೆಸಿ, ತೂತಿನ ಅಂಚಿನಲ್ಲಿ ಪದರ ಎಣಿಸಿ ನೋಡಿ. ನಾಲ್ಕೇ ಇವೆ.