ಬಾಣಂತಿ ಹೊರಸು

ಹಡೆದು ಇಪ್ಪತ್ತೆರಡು ದಿನವಾಗಿತ್ತು. ಅದರಲ್ಲಿ ಹತ್ತು ದಿನವನ್ನು ಕೆರೆದುಕೊಳ್ಳುವುದರಲ್ಲೇ ಕಳೆದಿದ್ದೆ. ತೋಳು, ಕುತ್ತಿಗೆ, ಬೆನ್ನು, ಎಲ್ಲೆಲ್ಲೂ ಸಾಲಾಗಿ ಕೆಂಪು ದದ್ದು. ನನಗಾದರೆ ಆಗಲಿ ಎಂದು ಹಲ್ಲು ಕಚ್ಚಿಕೊಂಡಿದ್ದೆ. ಮಗಳ ಕೆನ್ನೆಯ ಮೇಲೂ ಮೂರು ಕಂಡ ದಿನದಿಂದ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಕಚ್ಚುತ್ತಿದ್ದ ತಗಣಿ ಇದ್ದದ್ದು ನಾನು ಮಲಗಿದ್ದ ಹೊರಸಿನ ಹಗ್ಗದಲ್ಲಿ. ಹೊರಸು ನಮ್ಮದಲ್ಲ. ವಳಕಮದಿನ್ನಿಯ ನಮ್ಮ ಓಣಿಯಲ್ಲಿ ಯಾರೇ ಹಡೆಯಲಿ, ಹಸೀನಾಬೀ ಚಾಚಿಯ ಮನೆಯ ಹಗ್ಗದ ಹೊರಸು ಅವರ ಮನೆಗೆ ಬರುತ್ತದೆ. ಕೆಳಗೆ ಕೆಂಡವಿಟ್ಟರೆ ಸಂದಿಯಿಂದ ಕಾವು ಬೆನ್ನಿಗೆ ಚೆನ್ನಾಗಿ ಹತ್ತುತ್ತದೆ. ನಾನು ಹುಟ್ಟಿದಾಗ ಅವ್ವನೂ ಅದರ ಮೇಲೆಯೇ ಮಲಗಿದ್ದಳಂತೆ. ನನಗಿಂತ ಮುಂಚೆ ಮಲಗಿದ್ದವಳು ಚಾಚಿಯ ಸೊಸೆ ಕೌಸರ್. ಬಸುರಿಯಿದ್ದಾಗ ಅವಳಿಗೆ ಕಾಮಾಲೆಯಾಗಿತ್ತು. ರಕ್ತದಿಂದ ಹರಡುವಂಥದ್ದು ಎಂದು ಸಿಂಧನೂರಿನ ಡಾಕ್ಟರು ಹೇಳಿದ್ದು ಓಣಿಗೆಲ್ಲ ಗೊತ್ತಿತ್ತು.

ನನ್ನವ್ವ ಸಂಗಮ್ಮನಿಗೆ ಅಷ್ಟು ಸಾಕಿತ್ತು.

"ಆಕಿ ರಕ್ತ ಕುಡದ ತಗಣಿ ಕೂಸಿಗೆ ಕಡದಾವ. ಇನ್ನೇನ್ ಉಳೀತು?"

ದಿನಕ್ಕೆ ಹತ್ತು ಸಲ ಕೂಸಿನ ರೆಪ್ಪೆ ಬಿಡಿಸಿ, ಕಣ್ಣು ಹಳದಿಯಾಗಿದೆಯೇ ಎಂದು ನೋಡುತ್ತಿದ್ದಳು. ನಾನು ಬೈಯುತ್ತಿದ್ದೆ. ಅವಳು ಆಚೆ ಹೋದ ಮೇಲೆ ನಾನೂ ನೋಡುತ್ತಿದ್ದೆ. ನಿನ್ನೆ ಮಾತ್ರ ನನ್ನನ್ನು ಚಾಪೆಗೆ ಇಳಿಸಿ, ಹೊರಸನ್ನು ಹಿತ್ತಲಿಗೆ ಹಾಕಿದಳು.

ಇವತ್ತು ಬೆಳಿಗ್ಗೆ ಕೂಸಿನ ತೂಕ ನೋಡಲು ನರ್ಸ್ ನಂದಿನಿ ಬಂದಳು. ಅವ್ವ ತನ್ನ ಭಯವನ್ನೆಲ್ಲ ಅವಳ ಮುಂದೆ ಸುರಿದಳು.

"ತಗಣಿ ಕಡದು ಕಾಮಾಲಿ ಬಂದದ್ದು ಯಾರೂ ಕಂಡಿಲ್ರಿ," ಎಂದಳು ನಂದಿನಿ. "ಕೆರಕೊಂಡು ಹುಣ್ಣಾಗದಂಗ ನೋಡ್ಕೊಳ್ರಿ. ಕೂಸಿಗೆ ಹುಟ್ಟಿದ ದಿನಾನ ಕಾಮಾಲಿ ತಡಿಯೋ ಸೂಜಿನೂ ಆಗೇತಿ. ಹೊರಸಿಗೆ ಕುದಿಯೋ ನೀರು ಸುರುವಿ ಬಿಸಿಲಿಗೆ ಹಾಕ್ರಿ. ಗದ್ದಿಗೆ ಹೊಡಿಯೋ ಎಣ್ಣಿ ಮಾತ್ರ ಹೊಡೀಬ್ಯಾಡ್ರಿ. ಅದು ವಿಷ, ಕೂಸಿನ ಜೀವಕ್ಕ ಬರ್ತೈತಿ."

ಅವ್ವನ ಮುಖ ಬಿಳಿಚಿತು.

"ಯವ್ವಾ, ಹೊರಸು ಎಲ್ಲೈತಿ ಬೇ?" ಎಂದೆ.

"ಚಾಚಿ ಮಗ ಖಾಜಾಸಾಬ್ ಆಗಲೇ ಬಂದು ಹಿತ್ತಲದಾಗಿಂದ ಒಯ್ದಾನ. ಅವನ ತಂಗಿ ಕಹಕಶಾ ಹಡದಾಳಲ್ಲ, ಇವತ್ತು ದವಾಖಾನಿಯಿಂದ ಬಂದಾಳ."

"ಎಣ್ಣಿ ಹೊಡದಿಯೇನು?"

"ನಿನ್ನಿ ಸಂಜಿಕ. ಹಗ್ಗಕ್ಕ, ಕಾಲಿಗೆ, ಎಲ್ಲಾ ಕಡೆ. ಹೇಳಿದ್ರ ಬ್ಯಾಸರ ಮಾಡ್ಕೋತಾರಂತ ಸುಮ್ಮನಾದೆ."

ಕೆಳಗೆ ಕೆಂಡ ಇಡುತ್ತಾರೆ, ಕಾವಿಗೆ ಆ ವಿಷ ಮೇಲೇಳುತ್ತದೆ ಎಂಬುದು ತಲೆಗೆ ಹೊಳೆದದ್ದೇ ತಡ, ಎದ್ದು ಓಡಿದೆ. ಬಾಣಂತಿ ಹೊಸ್ತಿಲು ದಾಟಬಾರದು, ತಲೆಗೆ ಕಟ್ಟಿದ ಬಟ್ಟೆ ಬಿಚ್ಚಬಾರದು, ಬರಿಗಾಲಲ್ಲಿ ನಡೆಯಬಾರದು. ಎಲ್ಲವನ್ನೂ ನಾಲ್ಕು ಮನೆಗಳ ದಾರಿಯಲ್ಲಿ ಮುರಿದೆ.

ಚಾಚಿಯ ಮನೆಯಲ್ಲಿ ಹೊರಸಿನ ಕೆಳಗೆ ಕೆಂಡ ನಿಗಿನಿಗಿ ಉರಿಯುತ್ತಿತ್ತು. ಚಾಚಿ ಹಗ್ಗದ ಮೇಲೆ ಕೌದಿ ಹಾಸುತ್ತಿದ್ದಳು. ಕಹಕಶಾ ಕೂಸನ್ನೆತ್ತಿಕೊಂಡು ಪಕ್ಕದಲ್ಲೇ ನಿಂತಿದ್ದಳು.

"ಮಲಗಬ್ಯಾಡ! ತಗಣಿ ಸಾಯಲೆಂತ ನಮ್ಮವ್ವ ಅದಕ್ಕ ಎಣ್ಣಿ ಹೊಡದಾಳ!"

ಎರಡೂ ಕೈಯಿಂದ ಹೊರಸನ್ನು ಅಂಗಳಕ್ಕೆ ಎಳೆದೆ. ಹಿಂದೆಯೇ ಬಂದ ನಂದಿನಿ ಕಹಕಶಾಳನ್ನೂ ಕೂಸನ್ನೂ ಹೊರಗೆ ಕರೆತಂದು, ಕಿಟಕಿ ಬಾಗಿಲು ತೆರೆಸಿದಳು. ಕೂಸು ಚೆನ್ನಾಗಿತ್ತು.

"ಅದಕ್ಕ ಆ ವಾಸನಿ," ಎಂದಳು ಚಾಚಿ. "ತಗಣಿಗೆ ಬಿಸಿನೀರು ಸಾಕಿತ್ತಲ್ಲ ಬೇಟಿ. ಎಣ್ಣಿ ಯಾಕ?"



"ನನ್ನ ರಕ್ತಕ್ಕ ಅಂಜ್ಯಾರ," ಎಂದಳು ಅಡುಗೆಮನೆ ಬಾಗಿಲಲ್ಲಿದ್ದ ಕೌಸರ್. ನಾಚಿಕೆಯಿಂದ ನೆಲ ನೋಡಿದೆ.

ಅಷ್ಟರಲ್ಲಿ ಅಳುವ ನನ್ನ ಮಗಳನ್ನೆತ್ತಿಕೊಂಡು ಅವ್ವ ಬಂದಳು. ಕೂಸನ್ನು ತೆಗೆದುಕೊಳ್ಳಹೋದೆ. ನಂದಿನಿ ತಡೆದಳು.

"ಆ ಹೊರಸು ಹಿಡದ ಕೈ, ಮೊದಲ ಸಾಬೂನು ಹಚ್ಚಿ ತೊಳೀರಿ. ಸಂಗಮ್ಮತ್ತಿ, ನಿನ್ನಿ ಎಣ್ಣಿ ಹೊಡದಾಗ ಉಟ್ಟ ಸೀರಿನ ಇನ್ನೂ ಮೈಮ್ಯಾಲ ಐತೇನು? ಕೂಸಿನ್ನ ಬ್ಯಾರೆಯವ್ರ ಕೈಯಾಗ ಕೊಡ್ರಿ."

ಹತ್ತಿರವಿದ್ದವಳು ಕೌಸರ್. ಅವಳು ಕೈ ಚಾಚಿದಳು. ಅವ್ವ ಒಂದು ಗಳಿಗೆ ತಡೆದಳು. ಅದನ್ನು ನಾನೂ ನೋಡಿದೆ, ಕೌಸರಳೂ ನೋಡಿದಳು.

"ಕೊಡಬೇ ಯವ್ವಾ!" ಎಂದು ಚೀರಿದೆ.

ಅವ್ವ ಕೊಟ್ಟಳು. ಕೌಸರ್ ಸೆರಗನ್ನು ಎರಡೂ ಅಂಗೈಗೆ ಸುತ್ತಿಕೊಂಡು, ತನ್ನ ಮೈ ತಾಗದಂತೆ ನನ್ನ ಮಗಳನ್ನು ಎತ್ತಿಕೊಂಡಳು.